ಹಣ್ಣಾಗಲೆಂದು ಬಿಟ್ಟ ಕಣ್ಣು

11 ಫೆಬ್ರವರಿ 2001, ಭಾನುವಾರ

ಇವತ್ತು ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪ್ ಇತ್ತು. ಹೋಗಿದ್ದೆ. ನನ್ನ ಕಣ್ಣು ತೋರಿಸುವುದಕ್ಕಲ್ಲ, ಹುಚ್ಚಕ್ಕನ ಕಣ್ಣು ತೋರಿಸುವುದಕ್ಕೆ. ಮೂವತ್ತು ವರ್ಷದಿಂದ ನಮ್ಮ ಅಂಗಳದಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವವಳು ಅವಳು. ಈಗೀಗ ಚಿಪ್ಪಿನ ಬದಲು ಬೆರಳಿಗೆ ಏಟು ಹಾಕಿಕೊಳ್ಳುತ್ತಾಳೆ. ಒಬ್ಬಳೇ ಹೋಗಲು ಹೆದರಿದಳು. ಜೊತೆಗೆ ಹೋದವಳು ಸುಮ್ಮನೆ ಕೂರುವುದೇಕೆ ಎಂದು ನಾನೂ ಸಾಲಿನಲ್ಲಿ ಕುಳಿತೆ.

ನೋಡಿದವಳು ಯಾರೆಂದರೆ, ತಿಪಟೂರಿನಲ್ಲಿ ನಮ್ಮ ಮನೆಯವರಿಗೆಲ್ಲ ರವಿಕೆ ಹೊಲಿಯುವ ಅಬ್ದುಲ್ ರಹೀಮನ ಮಗಳು ಮೆಹರೀನ್. ಅಪ್ಪನ ಮಿಷನ್ನಿನ ಕೆಳಗೆ ಕುಳಿತು ಬಟ್ಟೆಚೂರು ಆಯುತ್ತಿದ್ದವಳು. ಈಗ ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಂತೆ. ನನ್ನ ಗಲ್ಲವನ್ನು ಒಂದು ಕಂಬಿಯ ಮೇಲೆ ಇಡಿಸಿ, ಕಣ್ಣಿಗೆ ಬೆಳಕಿನ ಗೀಟು ಹಾಯಿಸಿ, ಆಚೆ ಕಡೆಯಿಂದ ದುರ್ಬೀನಿನಂಥದರಲ್ಲಿ ನೋಡಿದಳು.

“ಅಮ್ಮ, ಬಲಗಣ್ಣಲ್ಲಿ ಪೊರೆ ಜೋರಾಗಿ ಬಂದಿದೆ. ಎಡಗಣ್ಣಲ್ಲಿ ಈಗ ಶುರುವಾಗಿದೆ. ಬಲದ್ದು ಬೇಗ ತೆಗೆಸಿಬಿಡಿ.”

“ಇನ್ನೂ ಹಣ್ಣಾಗಿಲ್ಲವಲ್ಲಮ್ಮ.”

“ಹಣ್ಣಾಗಲಿ ಅಂತ ಕಾಯೋದು ಹಳೇ ಕಾಲದ ಮಾತು. ಈಗ ಅದೆಲ್ಲ ಬೇಕಾಗಿಲ್ಲ. ಇನ್ನೊಂದು, ಕಣ್ಣೊಳಗೆ ಮಿಂಚು ಹೊಡೆದಂಗೆ ಆದ್ರೆ, ಕಪ್ಪು ಚುಕ್ಕೆ ಹಾರಾಡಿದ್ರೆ, ಅವತ್ತೇ ಬಂದುಬಿಡಬೇಕು.”

ಹುಚ್ಚಕ್ಕನಿಗೂ ಅದೇ ಪಾಠ ಒಪ್ಪಿಸಿ, ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟಳು. ಅವಳ ಅಪ್ಪನಿಗೆ ನನ್ನ ತೋಳಿನ ಅಳತೆ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ. ಮಗಳು ನನ್ನ ಕಣ್ಣಿನ ಅಳತೆ ಹೇಳುತ್ತಾಳೆ.

13 ಫೆಬ್ರವರಿ, ಮಂಗಳವಾರ

ಆಪರೇಷನ್ನಿಗೆ ಜನರನ್ನು ಕರೆದೊಯ್ಯಲು ಆಸ್ಪತ್ರೆಯ ವ್ಯಾನು ನಮ್ಮ ಶೆಟ್ಟಿಕೆರೆಗೂ ಬಂದಿತ್ತು. ಹುಚ್ಚಕ್ಕ ಒಂದು ಸೀರೆ ಗಂಟು ಕಟ್ಟಿಕೊಂಡು ನನಗೆ ಹೇಳಿ ಹೋಗಲು ಬಂದಳು.

“ಪೊರೆ ತೆಗ್ಸಕ್ ಹೋಯ್ತಿದೀನಿ ಅಮ್ಮೋರೆ. ಪುಕ್ಸಟ್ಟೆ ಅಂತೆ. ಊಟನೂವೆ ಕೊಟ್ಟಾರಂತೆ.”

“ಎಳೇ ಕಾಯಿ ಒಡೆದ್ರೆ ಇಡೀ ಕೊಬ್ಬರಿ ಗಿಟುಕು ಬರ್ತದೇನೇ?”

ಅವಳು ಯೋಚಿಸಿದಳು. “ಎಲ್ ಬತ್ತದೆ. ಚಿಪ್ಪಿಗೇ ಕಚ್ಕೊಂಡಿರ್ತದೆ.”

“ಪೊರೆನೂ ಅಷ್ಟೇ ಕಣೇ.”

ಅಟ್ಟಕ್ಕೆ ಹಾಕಿದ ಕಾಯಿಯನ್ನು ನಾನು ಹನ್ನೊಂದು ತಿಂಗಳು ಯಾರಿಗೂ ಮುಟ್ಟಗೊಡುವುದಿಲ್ಲ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಅಲುಗಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಆಗ ಒಡೆದರೆ ಉಂಡೆಗೆ ಉಂಡೆ ಗಿಟುಕು. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಅಟ್ಟದ ಬೀಗದ ಕೈ ನನ್ನ ಸೊಂಟದಲ್ಲಿದೆ. ಯಾವ ಕಾಯಿ ಎಂದು ಹಣ್ಣಾಯಿತು ಎನ್ನುವ ವಿಷಯದಲ್ಲಿ ಈ ಸೀಮೆಯಲ್ಲಿ ನನ್ನ ಮಾತಿಗೆ ಎದುರಿಲ್ಲ.

ಮಿಂಚು ಕಂಡರೆ ಅವತ್ತೇ ಬನ್ನಿ ಎಂದಳಲ್ಲ ರಹೀಮನ ಮಗಳು, ಅದರರ್ಥ ಮಿಂಚು ಕಂಡಾಗ ಹಣ್ಣಾಗುತ್ತದೆ ಎಂದೇ. ಓದಿದವರು ಯಾವುದನ್ನೂ ನೇರವಾಗಿ ಹೇಳುವುದಿಲ್ಲ.

ವ್ಯಾನು ಹೋಯಿತು. ಹುಚ್ಚಕ್ಕ ಗಂಟು ಬಿಚ್ಚಿ ಕೆಲಸಕ್ಕೆ ಕುಳಿತಳು.

2 ಏಪ್ರಿಲ್, ಸೋಮವಾರ

ಬೆಳಿಗ್ಗೆ ಪೂಜೆಗೆ ಕುಳಿತಾಗ ಬಲಗಣ್ಣಿನ ಮೂಲೆಯಲ್ಲಿ ಮಿಂಚಿತು. ಒಂದಲ್ಲ, ಮೂರು ಸಲ. ಆಮೇಲೆ ನುಸಿಯ ಹಿಂಡು ಎದ್ದ ಹಾಗೆ ಕಪ್ಪು ಚುಕ್ಕೆಗಳು. ಲೆಕ್ಕ ಹಾಕಿದಂತೆಯೇ ಆಯಿತು.

ಹುಚ್ಚಕ್ಕನನ್ನು ಕರೆದು ಹೇಳಿದೆ. ಅವಳಿಗೆ ನನಗಿಂತ ಖುಷಿ. ಸೊಸೆ ಸರ್ವಮಂಗಳ ಅಡಿಗೆಮನೆಯಿಂದಲೇ ಬಾಯಿ ಹಾಕಿದಳು.

“ಅತ್ತೆ, ಮಿಂಚು ಕಂಡ್ರೆ ಅವತ್ತೇ ಬನ್ನಿ ಅಂದಿದ್ರಂತಲ್ಲ ಡಾಕ್ಟ್ರು. ಮಧ್ಯಾಹ್ನದ ಬಸ್ಸಿಗೆ ಹೋಗಿ ಬರೋಣ್ವಾ?”

“ನೀನು ಕ್ಯಾಂಪಿಗೆ ಬಂದಿದ್ಯಾ?”

“ಇಲ್ಲ.”

“ಮತ್ತೆ?”

ಮೊದಲ ಸದ್ದಿಗೇ ಕಾಯಿ ಇಳಿಸುವವರು ಅವಸರಗೇಡಿಗಳು. ಆಗ ಒಂದು ಮಗ್ಗುಲು ಬಿಟ್ಟಿರುತ್ತದೆ, ಇನ್ನೊಂದು ಮಗ್ಗುಲು ಕಚ್ಚಿಕೊಂಡೇ ಇರುತ್ತದೆ. ಮಿಂಚಿದ ಮೇಲೆ ಮೂರು ತಿಂಗಳು ಬಿಡಬೇಕು ಎಂದು ತೀರ್ಮಾನಿಸಿದೆ. ಹುಚ್ಚಕ್ಕನಿಗೂ ಇದೇ ನಿಯಮ ಎಂದು ತಿಳಿಸಿದೆ.

19 ಮೇ, ಶನಿವಾರ

ಈ ವರ್ಷದ ಬಲ್ಬುಗಳು ಸರಿಯಿಲ್ಲ. ನೂರು ಕ್ಯಾಂಡಲಿನದು ತರಿಸಿ ಹಾಕಿಸಿದರೂ ನಡುಮನೆಯಲ್ಲಿ ಹೊಗೆ ಕವಿದಂತೆ ಇರುತ್ತದೆ. ಅಂಗಡಿಯವನಿಗೆ ಹೇಳಿ ಕಳಿಸಿದೆ.

ಸೊಸೆ ಬಾಗಿಲಿಗೆ ರಂಗೋಲಿ ಇಡುವುದನ್ನೂ ಬಿಟ್ಟಿದ್ದಾಳೆ ಎಂದು ಬೆಳಿಗ್ಗೆ ಬೈದೆ. ಇಟ್ಟಿದ್ದಾಳಂತೆ. ನಾನು ಅದರ ಮೇಲೆ ನಿಂತುಕೊಂಡೇ ಬೈಯುತ್ತಿದ್ದೆನಂತೆ. ಮಗ ಶಂಭುಲಿಂಗಯ್ಯ ನಗು ತಡೆಯಲಾರದೆ ತೋಟದ ಕಡೆ ಹೋದ. ಹೊಸಿಲಿಗೆ ಅಷ್ಟು ಹತ್ತಿರ ರಂಗೋಲಿ ಇಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಸಂಜೆ ನಾನು ಆರಿಸಿಟ್ಟ ಗಿಟುಕಿನ ರಾಶಿಯ ಮುಂದೆ ಸೊಸೆ ಒಬ್ಬಳೇ ಕುಳಿತಿದ್ದಳು. ಒಂದೊಂದನ್ನೇ ತಿರುಗಿಸಿ ನೋಡಿ, ಕೆಲವನ್ನು ಪಕ್ಕಕ್ಕೆ ಇಡುತ್ತಿದ್ದಳು.

“ಏನೇ ಅದು?”

“ಮೂಟೆಗೆ ತುಂಬ್ತಿದ್ದೆ ಅತ್ತೆ.”

ಮೂಟೆ ತುಂಬುವುದನ್ನು ಇವಳು ಇನ್ನೂ ಕಲಿಯಬೇಕು. ಇಷ್ಟು ನಿಧಾನ ಮಾಡಿದರೆ ಆಗುವುದಿಲ್ಲ.

7 ಜುಲೈ, ಶನಿವಾರ

ಮೂರು ತಿಂಗಳು ತುಂಬಿತು. ಮಿಂಚು ನಿಂತಿದೆ. ಚುಕ್ಕೆಗಳೂ ಇಲ್ಲ. ಬಲಗಣ್ಣಿನಲ್ಲಿ ಈಗ ಯಾವ ತೊಂದರೆಯೂ ಇಲ್ಲ. ಏನೂ ಕಾಣುವುದೂ ಇಲ್ಲ.

ತೋಟದ ಕೆಲಸ ಮುಗಿಯಲಿ. ಹೋದರಾಯಿತು.

25 ಆಗಸ್ಟ್, ಶನಿವಾರ

ತಿಪಟೂರಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯ ಬಂದಿದ್ದರು. ಈ ಸಲದ ಮೊದಲ ದರ್ಜೆಯ ಮೂಟೆಗಳನ್ನು ಸೊಸೆಯ ಕೈಗೆ ಕೊಡದೆ ನಾನೇ ಆರಿಸಿ, ನಾನೇ ಬಾಯಿ ಹೊಲಿಸಿದ್ದೆ. ಅವರು ಒಂದನ್ನು ಬಿಚ್ಚಿ, ಕೈಹಾಕಿ, ಸಿಕ್ಕಿದ ಗಿಟುಕನ್ನು ನನ್ನ ಅಂಗೈಗೆ ಇಟ್ಟರು. ಮೂಗಿನ ಹತ್ತಿರ ತಂದಾಗ ತಿಳಿಯಿತು. ಕೌಟು ವಾಸನೆ. ಹಾಗೆಯೇ ಇನ್ನೊಂದು. ಮತ್ತೊಂದು.

“ಗುರುಸಿದ್ದಮ್ಮೋರ ಮನೆ ಕೊಬ್ಬರಿ ಅಂದ್ರೆ ಕಣ್ಮುಚ್ಕೊಂಡು ತಗೋತಿದ್ದೆ ಕಣ್ರೀ. ಈಗ ನೀವೇ ಕಣ್ಮುಚ್ಕೊಂಡು ಕೊಡ್ತಿದೀರಲ್ಲ.”

ಅಂಗಳದಲ್ಲಿ ಚಿಪ್ಪು ಬಿಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದ್ದು ಕೇಳಿಸಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ತುಮಕೂರಿಗೆ ಹೋಗಿ ಬರುವುದೆಂದು ತೀರ್ಮಾನಿಸಿದ್ದೇನೆ. ಪೊರೆ ಪೂರ್ತಿ ಹಣ್ಣಾಗಿರುವುದರಿಂದ. ಸದಾಶಿವಯ್ಯನ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

6 ಸೆಪ್ಟೆಂಬರ್, ಗುರುವಾರ

ಸೊಸೆಯ ಜೊತೆ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೋದೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ನಾನೊಬ್ಬಳೇ ಹೋದೆ.

ಆ ಹುಡುಗಿ ಗುರುತು ಹಿಡಿದಳು. ಕೋಣೆ ಕತ್ತಲು ಮಾಡಿ, ಎಡಗಣ್ಣು ಮುಚ್ಚಿಸಿ, ಬಲಗಣ್ಣಿಗೆ ಟಾರ್ಚು ಹಿಡಿದಳು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಹೇಳಿ ಎಂದಳು. ಮೇಲಿನಿಂದ ಎಂದೆ, ಬಲದಿಂದ ಎಂದೆ, ಕೆಳಗಿನಿಂದ ಎಂದೆ. ಒಂದಕ್ಕೂ ತಡವರಿಸಲಿಲ್ಲ. ಟಾರ್ಚು ಎರಡು ಸಲ ಆರಿಯೇ ಇತ್ತು ಎಂದು ಆಮೇಲೆ ಹೇಳಿದಳು.

“ಪೊರೆ ಗಟ್ಟಿಯಾಗಿ ಬೆಳ್ಳಗಾಗಿಬಿಟ್ಟಿದೆ. ಹಿಂದೆ ಏನಿದೆ ಅಂತ ಯಾವ ದೀಪ ಹಾಕಿದ್ರೂ ಕಾಣಲ್ಲ. ಸ್ಕ್ಯಾನ್ ಮಾಡಿ ನೋಡಬೇಕು ಅಮ್ಮ.”

ರೆಪ್ಪೆ ಮುಚ್ಚಿಸಿ ಅದರ ಮೇಲೆ ಗಂಜಿಯಂಥದ್ದು ತಣ್ಣಗೆ ಸವರಿ, ದಪ್ಪ ಪೆನ್ನಿನಂಥದ್ದನ್ನು ಒತ್ತಿ ಹಿಡಿದಳು. ಪಕ್ಕದಲ್ಲಿ ಸಣ್ಣ ಟೀವಿ.

“ಒಳಗೆ ಬೆಳಕು ಹೋಗಲ್ಲ. ಅದಕ್ಕೇ ಸದ್ದು ಕಳಿಸ್ತೀವಿ. ನಮ್ಮ ಕಿವಿಗೆ ಕೇಳದಂಥ ಸದ್ದು. ಒಳಗೆ ತಾಗಿ ವಾಪಸ್ ಬಂದಿದ್ದು ಇಲ್ಲಿ ಚಿತ್ರ ಆಗುತ್ತೆ.”

“ಗೊತ್ತಾಯ್ತು ಬಿಡಮ್ಮ. ಒಡೆಯದೆ ಅಲುಗಿಸಿ ನೋಡೋದು.”

ಕೈ ನಿಲ್ಲಿಸಿ ನಕ್ಕಳು. “ನಮ್ಮ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ರಮ್ಮ ಇದನ್ನ.”

ಮೊದಲು ಎಡಗಣ್ಣಿನ ಚಿತ್ರ ತೆಗೆದಳು. ಆಮೇಲೆ ಬಲಗಣ್ಣಿನದು. ಎರಡನ್ನೂ ನಿಲ್ಲಿಸಿ ತೋರಿಸು ಎಂದೆ. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎಡಗಣ್ಣಿನಲ್ಲಿ ನೋಡಿದೆ. ಎಡದ್ದರಲ್ಲಿ ದುಂಡಗೆ ಬಟ್ಟಲು, ಒಳಗೆ ಬರೀ ಕಪ್ಪು. ಬಲದ್ದರಲ್ಲಿ ಬಟ್ಟಲಿನ ತಳದಿಂದ ಎರಡು ಬಿಳಿ ಗೆರೆ ಎದ್ದು ಲಾಳಿಕೆಯ ಹಾಗೆ ಅಗಲವಾಗಿ ನಿಂತಿದ್ದವು.

“ಈ ಬಿಳಿ ಗೆರೆ ಇದೆಯಲ್ಲ, ಅದು ಕಣ್ಣಿನ ಹಿಂದಿನ ಪರದೆ. ಗೋಡೆಗೆ ಅಂಟಿಕೊಂಡಿರಬೇಕು. ನೋಡೋ ಶಕ್ತಿಯೆಲ್ಲ ಅದರಲ್ಲೇ ಇರೋದು. ಇದು ಬಿಟ್ಟುಕೊಂಡಿದೆ.”

“ಪೂರ್ತಿ ಬಿಟ್ಟಿದೆಯೋ, ಒಂದು ಮಗ್ಗುಲೋ?”

“ಪೂರ್ತಿ.”

“ಹಾಗಾದ್ರೆ ಹಣ್ಣಾಗಿದೆ. ತೆಗೆದುಬಿಡು.”

ಅವಳು ನನ್ನ ಕಡೆ ತಿರುಗಿದಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

“ಕಾಯಿ ಹಾಗಾದ್ರೆ ಒಳ್ಳೇದು ಅಮ್ಮ. ಕಣ್ಣು ಹಾಗಾದ್ರೆ ಮುಗೀತು. ಈಗ ಪೊರೆ ತೆಗೆದ್ರೂ ಅದರಲ್ಲಿ ಕಾಣಲ್ಲ. ಮಿಂಚು ಯಾವಾಗ ಬಂತು?”

“ಏಪ್ರಿಲ್ ಎರಡು.”

“ಆ ವಾರ ಬಂದಿದ್ರೆ ಬೆಂಗಳೂರಿಗೆ ಕಳಿಸಿ ಮತ್ತೆ ಅಂಟಿಸೋ ಆಪರೇಷನ್ ಮಾಡಿಸಬಹುದಿತ್ತು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎಡಗಣ್ಣಿನ ಪರದೆ ಚೆನ್ನಾಗಿದೆ, ಅದರ ಪೊರೆ ತೆಗೆದು ಮಸೂರ ಕೂರಿಸುತ್ತೇನೆ, ಅದರಲ್ಲಿ ಓದಬಹುದು ಬರೆಯಬಹುದು ಎಂದಳು. ಅದಕ್ಕಾಗಿ ಕಣ್ಣಿನ ಉದ್ದವನ್ನೂ ಸದ್ದಿನಿಂದಲೇ ಅಳೆದಳು. ಬಲಗಣ್ಣಿನ ಮಾತು ಕೋಣೆ ಬಿಟ್ಟು ಹೋಗಬಾರದು ಎಂದು ನಾನು ಹೇಳಿದೆ.

“ನಾನು ಯಾರಿಗೂ ಹೇಳಲ್ಲ. ನಿಮ್ಮ ಜೊತೆ ಒಬ್ಬರು ಬಂದಿದ್ರಲ್ಲ ಕ್ಯಾಂಪಿಗೆ, ಅವರು ಆಪರೇಷನ್ನಿಗೆ ಬರಲೇ ಇಲ್ಲ. ಹೇಗಿದಾರೆ?”

“ಚೆನ್ನಾಗಿದಾಳೆ.”

ಹೊರಗೆ ಸೊಸೆ ಎದ್ದು ನಿಂತಳು. “ಎಡಗಣ್ಣು ಮೊದಲು ಹಣ್ಣಾಗಿದೆಯಂತೆ. ಬಲದ್ದು ಇನ್ನೂ ಬಿಡಬೇಕಂತೆ,” ಎಂದೆ. ಅವಳು ಹ್ಞೂ ಎಂದಳು. ಬಸ್ಸಿನಲ್ಲಿ ನನ್ನ ಬಲಗಡೆ ಕುಳಿತಿದ್ದಳು. ಗುಬ್ಬಿ ದಾಟುವವರೆಗೆ ಅವಳು ಅಲ್ಲಿರುವುದೇ ನನಗೆ ಮರೆತುಹೋಗಿತ್ತು.

24 ಸೆಪ್ಟೆಂಬರ್, ಸೋಮವಾರ

ಗುರುವಾರ ಎಡಗಣ್ಣಿನ ಆಪರೇಷನ್ ಆಯಿತು. ಹನಿ ಹಾಕಲು ಎದ್ದೇಳಿಸುವುದು, ತಲೆ ಬಗ್ಗಿಸಬೇಡಿ ಎನ್ನುವುದು, ಇದರಲ್ಲೇ ನಾಲ್ಕು ದಿನ ಹೋಯಿತು. ಇವತ್ತು ಬರೆಯುತ್ತಿದ್ದೇನೆ. ಹಿಂದಿನ ಹಾಳೆ ತಿರುಗಿಸಿ ನೋಡಿದೆ. ಜುಲೈಯಲ್ಲಿ ಬರೆದ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಆಗ ಪೆನ್ನು ಕೆಟ್ಟಿತ್ತು.

ಸರ್ವಮಂಗಳನ ಮುಂದಲೆ ನೆರೆತಿದೆ. ಯಾವಾಗ ನೆರೆಯಿತೋ, ನನಗೆ ಹೇಳಲಿಲ್ಲ.

15 ಅಕ್ಟೋಬರ್, ಸೋಮವಾರ

ಎಡಗಣ್ಣಿನಲ್ಲಿ ಮರದ ತುದಿಯ ಗೊನೆಯಲ್ಲಿರುವ ಕಾಯಿ ಬಿಡಿಬಿಡಿಯಾಗಿ ಕಾಣುತ್ತದೆ. ಊರಿನಲ್ಲಿ ಇದೇ ಮಾತು. ಅದರಲ್ಲೂ ಹುಚ್ಚಕ್ಕ ನೀರಿನ ಟ್ಯಾಂಕಿನ ಹತ್ತಿರ ಬಂದವರಿಗೆಲ್ಲ ಹೇಳುತ್ತಿದ್ದಾಳಂತೆ.

“ನಮ್ಮಮ್ಮೋರು ಅವಸ್ರ ಮಾಡ್ಲಿಲ್ಲ ಕಣ್ರಪ್ಪ. ಹಣ್ಣಾಗೋಗಂಟ ಬುಟ್ರು. ನೋಡ್ರಿ ಹೆಂಗ್ ಬಂತು.”

ಮೂವರು ನನ್ನ ಹತ್ತಿರ ಬಂದು ರೆಪ್ಪೆ ಅಗಲಿಸಿ ತೋರಿಸಿ, ಇನ್ನೂ ಎಷ್ಟು ತಿಂಗಳು ಬಿಡಬೇಕು ಎಂದು ಕೇಳಿದರು. ಬಿಡಬೇಡಿ ಎನ್ನಲು ಬಾಯಿ ಬರಲಿಲ್ಲ, ಬಿಡಿ ಎನ್ನಲೂ ಬರಲಿಲ್ಲ. ಡಾಕ್ಟರನ್ನು ಕೇಳಿ ಎಂದೆ. ಅಮ್ಮೋರಿಗೆ ಈಗ ಎಷ್ಟು ವಿನಯ ಎಂದುಕೊಂಡು ಹೋದರು.

ಸರ್ವಮಂಗಳ ಈಗೀಗ ಕಾಫಿ ಲೋಟವನ್ನು ಎಡಗಡೆಗೇ ತಂದಿಡುತ್ತಾಳೆ. ಬಲಗಡೆ ಇಡುವುದು ನಮ್ಮ ಮನೆಯ ರೂಢಿ. ಹೇಳಬೇಕು.

29 ಅಕ್ಟೋಬರ್, ಸೋಮವಾರ

ಹುಚ್ಚಕ್ಕ ಬೆಳಿಗ್ಗೆ ಕತ್ತಿ ಕೆಳಗಿಟ್ಟು ಓಡಿಬಂದಳು.

“ಅಮ್ಮೋರೆ, ನಂಗೂ ಮಿಂಚು ಬಂತು ಕಣ್ರವ್ವ. ಬಲಗಣ್ಣಲ್ಲಿ. ನುಸಿನೂ ಬಂದೋ. ನಿಮ್ಗೆ ಬಂದಂಗೇಯ. ಇನ್ ಮೂರೇ ತಿಂಗ್ಳು.”

ಏನೋ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಹುಳಿಗೆ ಉಪ್ಪು ಹೆಚ್ಚಾಗಿತ್ತು. ಬೇರೆ ಯಾರಿಗೂ ಹೆಚ್ಚೆನಿಸಲಿಲ್ಲ.

30 ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಅವಳು ಬಂದು ಕೂರುವ ಮೊದಲೇ ಅಂಗಳಕ್ಕೆ ಹೋದೆ. ಉಳಿದ ಹೆಂಗಸರೆಲ್ಲ ಬಂದಾಗಿತ್ತು.

“ಹುಚ್ಚಕ್ಕ, ನಾಳೆ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೊರಡು. ನಾನೂ ಬರ್ತೀನಿ.”

“ಯಾಕ್ರವ್ವ?”

“ಕಣ್ಣು ತೋರ್ಸೋಕೆ.”

“ಅಯ್ ಬುಡಿ ಅಮ್ಮೋರೆ. ನಿನ್ನೆ ಬಂದದೆ ಮಿಂಚು. ಮೂರ್ ತಿಂಗ್ಳು ಬುಡಬೇಕು ಅಂದೋರು ನೀವೇಯ.”

“ಈಗ ಹೇಳ್ತಿದೀನಿ, ಹೊರಡು.”

“ಎಳೇದ್ ಒಡುದ್ರೆ ಕೆಟ್ಟೋಯ್ತದೆ ಕಣ್ರವ್ವ. ನಿಮ್ದೇನೋ ಬೊಂಬಾಟಾಗ್ ಬಂತು. ನಂದು ಹಾಳಾಗ್ಲಿ ಅಂತಾನಾ?”

ಮೂವತ್ತು ವರ್ಷದಲ್ಲಿ ನನ್ನ ಮಾತಿಗೆ ಅವಳು ಎದುರಾಡಿದ್ದು ಇದೇ ಮೊದಲು. ಅದೂ ನನ್ನದೇ ಮಾತನ್ನು ಹಿಡಿದುಕೊಂಡು. ಇನ್ನು ಬೈದು ಪ್ರಯೋಜನವಿರಲಿಲ್ಲ. ನನ್ನ ಬೈಗುಳಕ್ಕಿಂತ ನನ್ನ ಮಾತಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ.

ಎಡಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡೆ.

“ನನ್ನ ಮುಂದೆ ಬಂದು ನಿಂತ್ಕೊ. ಕೈಲಿ ಏನಾದ್ರೂ ಹಿಡ್ಕೊ.”

“ನಿಂತಿವ್ನಿ.”

“ಏನು ಹಿಡಿದಿದೀಯ ನಾನೇ ಹೇಳ್ತೀನಿ. ಕತ್ತಿ.”

ಇನ್ನೊಂದು ಊಹಿಸಿದೆ.

“ಗಿಟುಕಾ?”

“ಏನೂ ಇಲ್ಲ ಕಣ್ರವ್ವ,” ಎಂದಳು. ದನಿ ಬೇರೆ ಕಡೆಯಿಂದ ಬಂತು. “ಬರೀ ಕೈ. ಕೈ ಮುಗ್ಕೊಂಡು ನಿಂತಿವ್ನಿ.”

“ನೋಡಿದ್ಯಾ. ಮಿಂಚಿದ ಮೇಲೆ ಮೂರು ತಿಂಗಳು ಬಿಟ್ಟ ಕಣ್ಣು ಇದು. ಎಡದ್ದು ಕಂಡದ್ದು ಹಣ್ಣಾಗಿದ್ದಕ್ಕಲ್ಲ, ಹಣ್ಣಾಗೋಕೆ ಮೊದಲೇ ತೆಗೆದದ್ದಕ್ಕೆ. ಇದು ಇನ್ನು ಬರಲ್ಲ.”

ಅಂಗೈ ತೆಗೆದಾಗ ಹುಚ್ಚಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕೇಳಿದಳು.

“ಹಂಗಾರೆ ಇಷ್ಟ್ ದಿನ ಒಂದೇ ಕಣ್ಣಲ್ಲಿ ನಮ್ಮನ್ನೆಲ್ಲ ಬಯ್ಕೊಂಡು ತಿರುಗ್ತಿದ್ರಾ ಅಮ್ಮೋರೆ?”

“ಒಂದು ಸಾಕಾಗಿತ್ತು.”

ಹೆಂಗಸರು ನಕ್ಕರು. ಬೈಯಬೇಕಾಗಿತ್ತು. ಬಸ್ಸಿನ ಹೊತ್ತು ವಿಚಾರಿಸುವುದಿತ್ತಾದ್ದರಿಂದ ಬಿಟ್ಟೆ. ನಾಳೆ ಮೂಟೆಗೆ ಹಾಕಬೇಕಾದ ಗಿಟುಕನ್ನು ಆರಿಸಲು ಸರ್ವಮಂಗಳನಿಗೆ ಹೇಳಿದೆ. ನಿಧಾನವಾದರೂ ಪರವಾಗಿಲ್ಲ ಎಂದೆ.

31 ಅಕ್ಟೋಬರ್, ಬುಧವಾರ. ತುಮಕೂರು, ಆಸ್ಪತ್ರೆಯ ಬೆಂಚು

ಡಾಕ್ಟರ್ ಮೆಹರೀನ್ ನಮ್ಮನ್ನು ಕಂಡ ಕೂಡಲೇ ಸಾಲು ಬಿಡಿಸಿ ಒಳಗೆ ಕರೆದರು. ಹುಚ್ಚಕ್ಕ ಸ್ಕ್ಯಾನಿನ ಆ ದಪ್ಪ ಪೆನ್ನನ್ನು ಕಂಡು ಹೆದರಿ ಕಣ್ಣು ಬಿಗಿಹಿಡಿದಳು. “ಸುಮ್ನಿರೇ, ಅಲುಗಿಸಿ ನೋಡ್ತಾರೆ ಅಷ್ಟೇ,” ಎಂದೆ. ಸುಮ್ಮನಾದಳು.

ಟೀವಿಯಲ್ಲಿ ಬಟ್ಟಲು ಮೂಡಿತು. ಈ ಸಲ ದೂರದಿಂದಲೇ ಕಂಡಿತು. ಮೇಲಿನ ಅಂಚಿನಲ್ಲಿ ಮಾತ್ರ ಒಂದು ಬಿಳಿ ಗೆರೆ ತುಸು ಎದ್ದಿತ್ತು. ಉಳಿದದ್ದು ಗೋಡೆಗೆ ಕಚ್ಚಿಕೊಂಡಿತ್ತು. ಕೊಬ್ಬರಿ ಹೀಗೆ ಕಚ್ಚಿಕೊಂಡಿರುವುದನ್ನು ಕಂಡು ಸಂತೋಷವಾದದ್ದು ನನಗೆ ಜೀವಮಾನದಲ್ಲಿ ಇದೊಂದೇ ಸಲ.

“ಒಂದು ಮಗ್ಗುಲು ಬಿಟ್ಟಿದೆ,” ಎಂದೆ.

“ಹೌದು ಅಮ್ಮ. ಅಷ್ಟೇ ಬಿಟ್ಟಿರೋದು. ಇವತ್ತೇ ಬೆಂಗಳೂರಿಗೆ ಕಳಿಸ್ತೀನಿ. ದುಡ್ಡು ತಗೊಳ್ಳದ ಆಸ್ಪತ್ರೆ, ನಾನು ಫೋನು ಮಾಡಿ ಹೇಳ್ತೀನಿ. ಅಂಟಿಸೋ ಆಪರೇಷನ್ ಮಾಡಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ.” ಹುಚ್ಚಕ್ಕನ ಕಡೆ ತಿರುಗಿದರು. “ಸರಿಯಾದ ಹೊತ್ತಿಗೆ ಬಂದಿದೀರ. ಯಾರು ಕಳಿಸಿದ್ದು?”

“ನಮ್ಮಮ್ಮೋರು.”

ಡಾಕ್ಟರು ಹಳೆಯ ಚೀಟಿ ತಿರುಗಿಸಿ ನೋಡಿದರು. “ಫೆಬ್ರವರಿಲೇ ಆಪರೇಷನ್ನಿಗೆ ಬರೆದಿದ್ದೆ. ವ್ಯಾನೂ ಬಂದಿತ್ತು. ಆಗ ಯಾಕೆ ಬರಲಿಲ್ಲ? ಯಾರು ಬೇಡ ಅಂದ್ರು?”

ನಾನು ಗೋಡೆಯ ಮೇಲಿದ್ದ ಅಕ್ಷರಗಳ ಪಟವನ್ನು ನೋಡಿದೆ. ಕೊನೆಯ ಸಾಲಿನವರೆಗೂ ಕಂಡಿತು.

“ಯಾರೂ ಬ್ಯಾಡ ಅನ್ಲಿಲ್ಲ ಕಣವ್ವ,” ಎಂದಳು ಹುಚ್ಚಕ್ಕ. “ನಾನೇ ಹೆದ್ರುಕೊಂಡೆ. ನಂದೇ ತಪ್ಪು.”

ಡಾಕ್ಟರು ಬರೆಯಲು ಪೆನ್ನು ತೆಗೆದರು.

“ಸುಳ್ಳು,” ಎಂದೆ. “ಹೊರಟು ನಿಂತವಳನ್ನು ಬೇಡ ಅಂದದ್ದು ನಾನು. ಗುರುಸಿದ್ದಮ್ಮ. ನಮ್ಮ ಮನೆಯಲ್ಲಿ ತೀರ್ಮಾನ ಮಾಡೋದು ನಾನು, ಇವಳಲ್ಲ. ತಪ್ಪಾದ ತೀರ್ಮಾನವನ್ನೂ ಇನ್ನೊಬ್ಬರ ಹೆಸರಿಗೆ ಬರೆಯೋ ಹಾಗಿಲ್ಲ.”

ಅವರು ನನ್ನನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಬರೆದರು. ಸರಿಯಾಗಿ ಬರೆದರೋ ಇಲ್ಲವೋ ಎಂದು ಕಾಗದ ಕೇಳಿ ತೆಗೆದುಕೊಂಡು ಓದಿದೆ. ಇಂಗ್ಲಿಷಿನಲ್ಲಿತ್ತು. ಹುಚ್ಚಕ್ಕನ ಮನೆಯವರು ಓದಿದರೆ ತಿಳಿಯಬೇಕಲ್ಲ. ಕೆಳಗೆ ಕನ್ನಡದಲ್ಲಿ ಇನ್ನೊಮ್ಮೆ ಬರೆಸಿದೆ.